ಬೆಂಕಿ ತಾಗಿಸದ ಚಾಸಿ

ಬಿರುಕನ್ನು ಮೊದಲು ಕಂಡವನು ನನ್ನ ಮೈದುನ. ಏಪ್ರಿಲ್ ಕೊನೆಯ ವಾರ, ಬೆಳಗಿನ ಆರೂವರೆ. ಹಿಂದಿನ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಬಂದಿದ್ದ ಪಿಕಪ್ ಗಾಡಿಯನ್ನು ಅವನು ನರ್ಸರಿಯ ಅಂಗಳದಲ್ಲಿ ತೊಳೆಯುತ್ತಿದ್ದ. ಎಡಗಡೆಯ ಹಿಂದಿನ ಚಕ್ರದ ಒಳಬದಿಗೆ ಪೈಪಿನ ನೀರು ಬಿಟ್ಟಾಗ ಕೆಸರೆಲ್ಲ ಹೋಗಿ ಒಂದು ಗೆರೆ ಮಾತ್ರ ಉಳಿಯಿತು. ಬೆರಳಿನಿಂದ ಒರೆಸಿದರೂ ಹೋಗಲಿಲ್ಲ. "ವೈನಿ, ಒಮ್ಮೆ ಬಂದು ನೋಡಿ" ಎಂದು ಕರೆದ. ಏನೋ ಕೆಟ್ಟದ್ದೇ ಆಗಿದೆ ಎಂಬುದು ಆ ದನಿಯಲ್ಲಿಯೇ ಗೊತ್ತಾಯಿತು.

ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿ ಮೊಬೈಲ್ ಬೆಳಕಿನಲ್ಲಿ ನೋಡಿದೆ. ಪಿಕಪ್ಪಿನ ಚಾಸಿ ಏಣಿಯ ಹಾಗೆ ಇರುತ್ತದೆ. ಉದ್ದಕ್ಕೆ ಎರಡು ಗಟ್ಟಿ ಪಟ್ಟಿಗಳು, ಅವುಗಳನ್ನು ಹಿಡಿದಿಡುವ ಅಡ್ಡಪಟ್ಟಿಗಳು. ಎಂಜಿನ್, ಕ್ಯಾಬಿನ್, ಸರಕಿನ ತೊಟ್ಟಿ, ಚಕ್ರಗಳು ಎಲ್ಲವೂ ಈ ಏಣಿಯನ್ನೇ ನಂಬಿ ನಿಂತಿರುತ್ತವೆ. ನಮ್ಮ ಗಾಡಿಯಲ್ಲಿ ಹಿಂದಿನ ಅಡ್ಡಪಟ್ಟಿಯನ್ನು ಎಡಗಡೆಯ ಉದ್ದಪಟ್ಟಿಗೆ ಬೆಸೆದ ಜಾಗದಲ್ಲಿ, ಬೆಸುಗೆಯ ಅಂಚಿನಿಂದ ಹೊರಟ ಬಿರುಕು ಎರಡು ಅಂಗುಲದಷ್ಟು ಮೇಲಕ್ಕೆ ಹತ್ತಿತ್ತು. ಅದರ ಬಾಯಿಂದ ತುಕ್ಕಿನ ನೀರು ಇಳಿದು ಒಣಗಿದ ಕೆಂಪು ಗುರುತೂ ಇತ್ತು. ಮೈದುನ ಸಣ್ಣ ಸುತ್ತಿಗೆ ತಂದು ಬಲಗಡೆ ತಟ್ಟಿದ. ಗಂಟೆ ಬಾರಿಸಿದಂತಹ ದನಿ ಬಂತು. ಎಡಗಡೆ ತಟ್ಟಿದಾಗ ಬಂದದ್ದು ಒಡೆದ ಗಡಿಗೆಯ ದನಿ.

ನಮ್ಮ ಸಸಿ ನರ್ಸರಿ ಇರುವುದು ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಯಜಮಾನರು ಶಾಲೆಯ ನೌಕರಿಯಲ್ಲಿದ್ದಾರೆ. ನರ್ಸರಿಯನ್ನು ನಾನು ಮತ್ತು ಮೈದುನ ನೋಡಿಕೊಳ್ಳುತ್ತೇವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸೀಮೆ ಇದು. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಮೇ ತಿಂಗಳಲ್ಲಿ ಟ್ರೇಗಳಲ್ಲಿ ಬೀಜ ಹಾಕಿ, ಮೃಗಶಿರಾ ಮಳೆ ಬಿದ್ದು ಹೊಲ ಹದವಾಗುವ ಹೊತ್ತಿಗೆ ಸಸಿಗಳನ್ನು ರೈತರ ಹೊಲದ ಬದುವಿಗೇ ಮುಟ್ಟಿಸುವುದು ನಮ್ಮ ಉದ್ಯೋಗ. ಅದಕ್ಕಾಗಿಯೇ ಗಾಡಿಯನ್ನು ನಮಗೆ ಬೇಕಾದಂತೆ ಮಾಡಿಸಿಕೊಂಡಿದ್ದೆವು.

ತೊಟ್ಟಿಯಲ್ಲಿ ಕಬ್ಬಿಣದ ಆಂಗಲ್‌ನಿಂದ ಮಾಡಿದ ನಾಲ್ಕು ಅಂತಸ್ತಿನ ರ್ಯಾಕ್. ಒಂದೊಂದು ಅಂತಸ್ತಿಗೆ 24 ಟ್ರೇ, ಒಂದೊಂದು ಟ್ರೇಗೆ 98 ಕುಳಿ. ಹೀಗೆ ಒಂದು ಸಾರಿಗೆ 9,400 ಸಸಿ ಹೋಗುತ್ತಿದ್ದವು. ಮೇಲೆ ಪೈಪಿನ ಕಮಾನುಗಳು, ಅವುಗಳ ಮೇಲೆ ಹಸಿರು ನೆರಳು ಪರದೆ. ಕ್ಯಾಬಿನ್ನಿನ ಹಿಂದೆ 200 ಲೀಟರಿನ ನೀರಿನ ಡ್ರಮ್ಮು, ಬ್ಯಾಟರಿಯಿಂದ ಓಡುವ ಸಣ್ಣ ಪಂಪು. ಮುಂದೆ ದಪ್ಪ ಪೈಪಿನ ಗಾರ್ಡು. ಬಲಗಡೆ ಚಾಸಿಗೆ ಬಿಗಿದ ಉಪಕರಣದ ಪೆಟ್ಟಿಗೆ. ಬೇಸಿಗೆಯಲ್ಲಿ ಗೊಬ್ಬರ, ತೆಂಗಿನ ನಾರಿನ ಪುಡಿ ಹೇರುತ್ತೇವೆಂದು ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಎರಡೂ ಕಮಾನ್ (ಸ್ಪ್ರಿಂಗ್) ಪಟ್ಟಿಗಳ ಕಟ್ಟಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದೆವು. ಇಷ್ಟೆಲ್ಲ ಇದ್ದ ಗಾಡಿಗೆ ಆಗ ಎರಡು ವರ್ಷ ಏಳು ತಿಂಗಳು ತುಂಬಿತ್ತು, ಓಡಿದ್ದು 71,000 ಕಿಲೋಮೀಟರ್. ವಾರಂಟಿ ಇದ್ದದ್ದು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದಕ್ಕೆ.

ಅಂದೇ ಗಾಡಿಯನ್ನು ನಿಧಾನವಾಗಿ ಹಾವೇರಿಗೆ ಒಯ್ದೆವು. ರ್ಯಾಕ್ ಮಾಡಿಕೊಟ್ಟಿದ್ದ ವೆಲ್ಡಿಂಗ್ ಅಂಗಡಿಯ ಚಾಚಾ ಕೆಳಗೆ ಮಲಗಿ ನೋಡಿ ಎದ್ದು ಬಂದರು. ಒಂದು ಗಂಟೆಯ ಕೆಲಸ, ಮೇಲೊಂದು ಪಟ್ಟಿ ಇಟ್ಟು ಬೆಸೆದರೆ ಮುಗಿಯಿತು ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಕೈಗವಸು ತೆಗೆದಿಟ್ಟು, "ತಂಗಿ, ಇದಕ್ಕೆ ನಾನು ಬೆಂಕಿ ತಾಗಿಸುವುದಿಲ್ಲ. ವಾರಂಟಿ ಇರುವ ಗಾಡಿ. ನಾನು ಬೆಸೆದ ಕ್ಷಣದಿಂದ ಇದು ಕಂಪನಿಯ ಬಿರುಕಲ್ಲ, ನನ್ನ ಬಿರುಕು" ಎಂದರು. ಎರಡೂವರೆ ವರ್ಷದ ಹಿಂದೆ ರ್ಯಾಕ್ ಕೂರಿಸುವಾಗಲೂ ಅವರು ಚಾಸಿಗೆ ಬೆಸುಗೆ ಹಾಕಲು ಒಪ್ಪಿರಲಿಲ್ಲ. ಉದ್ದಪಟ್ಟಿಯ ಮೇಲಂಚು, ಕೆಳಂಚುಗಳಿಗೆ ತೂತು ಕೊರೆಯಲೂ ಒಪ್ಪಿರಲಿಲ್ಲ. ಭಾರ ಹೊತ್ತು ಬಾಗಿದಾಗ ಎಳೆತ ಹೆಚ್ಚಾಗುವುದು ಆ ಅಂಚುಗಳಲ್ಲಿಯೇ, ಅಲ್ಲಿ ತೂತು ಬಿದ್ದರೆ ಬಿರುಕಿಗೆ ದಾರಿ ತೋರಿಸಿದಂತೆ ಎಂದು ಆಗ ವಿವರಿಸಿದ್ದರು. ರ್ಯಾಕನ್ನು ತೊಟ್ಟಿಗೆ ಯು ಕ್ಲ್ಯಾಂಪುಗಳಿಂದ ಕಟ್ಟಿ, ನಡುವೆ ರಬ್ಬರ್ ತುಂಡು ಇಟ್ಟಿದ್ದರು. ಉಪಕರಣದ ಪೆಟ್ಟಿಗೆಗೆ ಮಾತ್ರ ಉದ್ದಪಟ್ಟಿಯ ನಡುಭಾಗದಲ್ಲಿ ಎರಡು ತೂತು ಬಿದ್ದಿದ್ದವು. ಅದು ಬೇರೆಯವರ ಕೈಯಿಂದ ಆದದ್ದು. ಚಾಚಾನ ಆ ಹಟ ಇಲ್ಲದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮರುವಾರ ಹುಬ್ಬಳ್ಳಿಯಲ್ಲಿರುವ ಕಂಪನಿಯ ವರ್ಕ್‌ಶಾಪಿಗೆ ಹೊರಟೆವು. ಖಾಲಿ ಗಾಡಿ, ಗಂಟೆಗೆ ನಲವತ್ತರ ವೇಗ. ಬಂಕಾಪುರ, ಶಿಗ್ಗಾವಿ ದಾಟಿ ಗಬ್ಬೂರು ಕ್ರಾಸ್ ಮುಟ್ಟುವಷ್ಟರಲ್ಲಿ ಮೂರು ಗಂಟೆ ಹಿಡಿಯಿತು. ವರ್ಕ್‌ಶಾಪಿನ ವ್ಯವಸ್ಥಾಪಕರು ಬಿರುಕು ನೋಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದರು. ರ್ಯಾಕ್, ಗಾರ್ಡು, ಡ್ರಮ್ಮು, ಹೆಚ್ಚುವರಿ ಪಟ್ಟಿ ಎಲ್ಲವನ್ನೂ ಬೆರಳು ಮಾಡಿ ಎಣಿಸಿದರು. "ಮೇಡಂ, ಇದು ಕಾರ್ಖಾನೆಯಿಂದ ಬಂದ ಗಾಡಿಯ ಹಾಗೆ ಇಲ್ಲ. ನೀವು ಹಾಕಿಸಿದ್ದನ್ನೆಲ್ಲ ನೀವೇ ತೆಗೆಸಿಕೊಂಡು ಬನ್ನಿ. ಆಮೇಲೆ ಕಂಪನಿಯ ಎಂಜಿನಿಯರ್ ಬಂದು ನೋಡುತ್ತಾರೆ. ಹೊರಗಿನ ಸಾಮಾನನ್ನು ನಮ್ಮ ಹುಡುಗರು ಮುಟ್ಟುವುದಿಲ್ಲ, ಮುರಿದರೆ ಹೊಣೆ ನಮ್ಮದಲ್ಲ" ಎಂದರು. ಮಾತು ಒರಟಾಗಿ ಕೇಳಿಸಿತಾದರೂ ಅದರಲ್ಲಿ ನ್ಯಾಯವಿತ್ತು. ಚಾಸಿ ಬದಲಿಸುವುದೆಂದರೆ ಕ್ಯಾಬಿನ್ನನ್ನೇ ಮೇಲೆತ್ತಿ ಇಡೀ ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟುವುದು. ಅದರ ನಡುವೆ ನನ್ನ ಡ್ರಮ್ಮಿನ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಹುಡುಕುತ್ತಾ ಕೂರಲು ಅವರಿಗೆ ಸಾಧ್ಯವಿಲ್ಲ.

ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿ, ಉತ್ತರಗಳನ್ನು ಅವರ ಕೈಯಿಂದಲೇ ಜಾಬ್ ಕಾರ್ಡಿನ, ಅಂದರೆ ವರ್ಕ್‌ಶಾಪಿನ ಕೆಲಸದ ಹಾಳೆಯ ಮೇಲೆ ಬರೆಸಿಕೊಂಡೆ. ಒಪ್ಪಿಗೆ ಸಿಕ್ಕರೆ ಯಾವುದು ಉಚಿತ, ಯಾವುದು ಅಲ್ಲ? ಒಪ್ಪಿಗೆ ಸಿಗದಿದ್ದರೆ ತಪಾಸಣೆಗೆ ಹಣ ಕೊಡಬೇಕೆ? ಹಳೆಯ ಚಾಸಿ ಯಾರಿಗೆ ಸೇರುತ್ತದೆ? ಚಾಸಿ ಮತ್ತು ಕೂಲಿ ಕಂಪನಿಯದು, ರಬ್ಬರ್ ಬುಷ್, ತುಕ್ಕು ಹಿಡಿದು ಕತ್ತರಿಸಬೇಕಾದ ಬೋಲ್ಟು, ಕೂಲೆಂಟ್, ಬ್ರೇಕ್ ಎಣ್ಣೆ ನನ್ನದು, ಹಳೆಯ ಚಾಸಿ ಕಂಪನಿಗೆ ವಾಪಸ್ಸು, ತಪಾಸಣೆಗೆ ಶುಲ್ಕವಿಲ್ಲ. ಮುಂದಿನ ಎರಡು ತಿಂಗಳು ಆ ಒಂದು ಹಾಳೆ ನನ್ನ ಕೈಚೀಲದಲ್ಲಿಯೇ ಇತ್ತು. ಎರಡು ಸಲ ಅದನ್ನು ತೆಗೆದು ತೋರಿಸಬೇಕಾಗಿಯೂ ಬಂತು.

ಮನೆಗೆ ಬಂದ ಮೇಲೆ ಸಲಹೆಗಳ ಸುರಿಮಳೆ. ಹೆಚ್ಚುವರಿ ಪಟ್ಟಿ ತೆಗೆದು, ಚಾಸಿಗೆ ಕಪ್ಪು ಬಣ್ಣ ಬಳಿದು, ಏನೂ ಹಾಕಿಸಿಯೇ ಇರಲಿಲ್ಲ ಎಂಬಂತೆ ನಿಲ್ಲಿಸಿ ಎಂದು ಹೇಳಿದವರೇ ಹೆಚ್ಚು. ನಾನು ಒಪ್ಪಲಿಲ್ಲ. ಹೆಚ್ಚುವರಿ ಪಟ್ಟಿ ತೆಗೆದರೂ ಅದು ಉಜ್ಜಿದ ಹೊಳಪು ಹಳೆಯ ಪಟ್ಟಿಯ ಮೇಲೆ ಉಳಿದಿರುತ್ತದೆ, ಕ್ಲ್ಯಾಂಪು ಕೂತ ಜಾಗದ ಬಣ್ಣವೇ ಬೇರೆ ಇರುತ್ತದೆ. ದಿನಕ್ಕೆ ಹತ್ತು ಗಾಡಿ ನೋಡುವ ಎಂಜಿನಿಯರ್‌ಗೆ ಇದು ಕಾಣುವುದಿಲ್ಲವೇ? ಒಂದು ಸುಳ್ಳು ಸಿಕ್ಕಿಬಿದ್ದರೆ ನನ್ನ ಉಳಿದ ಮಾತುಗಳನ್ನು ಅವರು ಏಕೆ ನಂಬಬೇಕು? ಅದಕ್ಕಿಂತ ದೊಡ್ಡ ಕಾರಣ, ನಾನು ಮುಚ್ಚಿಡುವಂಥ ತಪ್ಪನ್ನೇನೂ ಮಾಡಿರಲಿಲ್ಲ. ಮಾಡಿದ್ದೆಲ್ಲವನ್ನೂ ಪಟ್ಟಿ ಮಾಡಿ, ಫೋಟೊ ಸಹಿತ ಕೊಡುವುದೆಂದು ನಿಶ್ಚಯಿಸಿದೆ.

ಬಿಚ್ಚುವ ಕೆಲಸಕ್ಕೆ ಮೂರು ದಿನ ಹಿಡಿಯಿತು. ಮೊದಲ ದಿನ ಪಾನಾ ಮುಟ್ಟಲೇ ಇಲ್ಲ. ಒಂದೊಂದು ಜಾಗದ ಮೂರು ಮೂರು ಫೋಟೊ ತೆಗೆದೆವು. ದೂರದಿಂದ ಒಂದು, ಹತ್ತಿರದಿಂದ ಒಂದು, ಅಳತೆಪಟ್ಟಿ ಇಟ್ಟು ಒಂದು. ಚಾಸಿ ನಂಬರ್ ಕೊರೆದ ಜಾಗವನ್ನು ಒರೆಸಿ ಅದರ ಫೋಟೊ ತೆಗೆದು, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚನ್ನೂ ತೆಗೆದುಕೊಂಡೆವು. ಸಂಜೆ ಎಲ್ಲ ನಟ್ಟುಗಳಿಗೆ ಡೀಸೆಲ್ಲು, ಹಳೆಯ ಎಂಜಿನ್ ಎಣ್ಣೆ ಬೆರೆಸಿ ಕುಂಚದಿಂದ ಹಚ್ಚಿ ರಾತ್ರಿಯೆಲ್ಲ ನೆನೆಯಲು ಬಿಟ್ಟೆವು. ಬಿರುಕಿನ ಸುತ್ತ ಮಾತ್ರ ಒಂದು ಮೊಳ ಜಾಗಕ್ಕೆ ಏನನ್ನೂ ಸೋಕಿಸಲಿಲ್ಲ. ಎಣ್ಣೆ ಇಲ್ಲ, ಬಣ್ಣ ಇಲ್ಲ, ತಂತಿ ಬ್ರಷ್ ಕೂಡ ಇಲ್ಲ. ತುಕ್ಕಿನ ಗುರುತಿನಿಂದಲೇ ಬಿರುಕಿನ ವಯಸ್ಸು ತಿಳಿಯುತ್ತದೆ ಎಂದು ಚಾಚಾ ಫೋನಿನಲ್ಲಿ ಎಚ್ಚರಿಸಿದ್ದರು.

ಎರಡನೆಯ ದಿನ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಪಂಪಿನ ವೈರುಗಳನ್ನು ಎಲ್ಲಿಯೂ ಕತ್ತರಿಸದೆ, ಜೋಡಿಸಿದ ಕಡೆಗಳಲ್ಲಿಯೇ ಬಿಡಿಸಿ, ಪ್ರತಿ ತುದಿಗೂ ಟೇಪು ಸುತ್ತಿ ನಂಬರ್ ಬರೆದೆ. ಕಾರ್ಖಾನೆಯ ವೈರಿಗೆ ನಮ್ಮದನ್ನು ಎಲ್ಲಿಯೂ ಕೂಡಿಸಿರಲಿಲ್ಲ, ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸು ಹಾಕಿ ಎಳೆದಿದ್ದೆವು. ಆದ್ದರಿಂದ ಅದು ಅರ್ಧ ಗಂಟೆಯಲ್ಲಿ ಹೊರಬಂತು. ನೆರಳು ಪರದೆ, ಪೈಪಿನ ಕಮಾನು, ಡ್ರಮ್ಮು ಸುಲಭವಾಗಿ ಬಂದವು. ರ್ಯಾಕಿನ ಕ್ಲ್ಯಾಂಪುಗಳೇ ಕಾಡಿದವು. ಹದಿನಾರರಲ್ಲಿ ಆರು ನಟ್ಟು ಕದಲಲೇ ಇಲ್ಲ. ಮೈದುನ ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಜಗ್ಗಿದಾಗ ಎರಡು ಬೋಲ್ಟು ಮುರಿದವು. ಉಳಿದ ನಾಲ್ಕನ್ನು ಗ್ರೈಂಡರಿನಿಂದ ಕತ್ತರಿಸೋಣ ಎಂದ. ಕಿಡಿ ಚಾಸಿಯ ಮೇಲೆ ಬಿದ್ದು ಗುರುತಾದರೆ ಎಂಬ ಭಯಕ್ಕೆ ಒದ್ದೆ ಗೋಣಿಯನ್ನು ಮಡಚಿ ಕೆಳಗೆ ಕಟ್ಟಿ, ಆಮೇಲೆ ಕತ್ತರಿಸಲು ಬಿಟ್ಟೆ. ಬಿಚ್ಚಿದ ನಟ್ಟು, ಬೋಲ್ಟು, ವಾಷರುಗಳನ್ನು ಬೀಜದ ಖಾಲಿ ಬಟ್ಟೆಚೀಲಗಳಲ್ಲಿ ಹಾಕಿ, ಬಾಯಿ ಕಟ್ಟಿ, ಫೋಟೊಕ್ಕೆ ಕೊಟ್ಟ ನಂಬರನ್ನೇ ಚೀಲಕ್ಕೂ ಬರೆದೆವು. ಆ ಸಂಜೆ ರ್ಯಾಕ್ ಇಳಿಸಲು ಪಕ್ಕದ ಹೊಲದವರು ನಾಲ್ಕು ಜನ ಬಂದರು.

ರ್ಯಾಕ್ ಇಳಿದ ಮೇಲೆ ತೊಟ್ಟಿಯ ಕೆಳಗಿನ ಚಾಸಿ ಪೂರ್ತಿಯಾಗಿ ಕಂಡಿತು. ನನಗೆ ಎದೆ ಧಸಕ್ಕೆಂದದ್ದು ಬಿರುಕು ಕಂಡ ದಿನವಲ್ಲ, ಈ ದಿನ. ಹಿಂದಿನ ಅರ್ಧ ಚಾಸಿಯ ಮೇಲಂಚಿನಲ್ಲಿ ಬಿಳಿಯ ಹುಡಿ ಕೂತಿತ್ತು, ಅದರ ಕೆಳಗೆ ತುಕ್ಕು. ಆ ಬಿಳಿ ಏನೆಂದು ತಿಳಿಯಲು ನನಗೆ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ. ಸಸಿಗಳಿಗೆ ನಾವು ಕೊಡುವ 19:19:19 ನೀರಿನಲ್ಲಿ ಕರಗುವ ಗೊಬ್ಬರ. ದಾರಿಯಲ್ಲಿ ಪಂಪಿನಿಂದ ನೀರು ಹಾಕಿದಾಗಲೆಲ್ಲ ಟ್ರೇಗಳಿಂದ ಇಳಿದ ಗೊಬ್ಬರದ ನೀರು ತೊಟ್ಟಿಯ ಸಂದಿಗಳಿಂದ ನೇರವಾಗಿ ಚಾಸಿಯ ಮೇಲೆ ಸುರಿದಿತ್ತು.

ಯಜಮಾನರು ಅಂದು ರಾತ್ರಿ ಅಮೆರಿಕದ ಒಂದು ಪ್ರಕರಣವನ್ನು ಓದಿ ಹೇಳಿದರು. ಅಲ್ಲಿ ಟೊಯೊಟಾ ಕಂಪನಿಯ ಟಕೋಮಾ ಎಂಬ ಪಿಕಪ್ಪುಗಳ ಚಾಸಿ ತುಕ್ಕು ತಿಂದು ತೂತಾಗುತ್ತಿತ್ತು. 2008ರಲ್ಲಿ ಕಂಪನಿಯು 1995ರಿಂದ 2000ದವರೆಗಿನ ಮಾದರಿಗಳಿಗೆ ಚಾಸಿಯ ತುಕ್ಕಿನ ವಾರಂಟಿಯನ್ನು 15 ವರ್ಷಕ್ಕೆ ಹಿಗ್ಗಿಸಿತು. ಮುಂದೆ 2016ರಲ್ಲಿ, ಇನ್ನಷ್ಟು ಹೊಸ ಮಾದರಿಗಳ ಸುಮಾರು 15 ಲಕ್ಷ ವಾಹನಗಳ ವಿಷಯದಲ್ಲಿ 340 ಕೋಟಿ ಡಾಲರ್‌ವರೆಗೆ ಬೆಲೆಬಾಳುವ ಒಪ್ಪಂದವಾಯಿತು. ಹಿಮ ಬೀಳುವ ಸೀಮೆಗಳಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ಅಡಿಯಿಂದ ಚಿಮ್ಮಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಮೋಟೆಬೆನ್ನೂರಿನಲ್ಲಿ ಹಿಮವೂ ಇಲ್ಲ, ಕಡಲೂ ಇಲ್ಲ. ಆದರೆ ರಸಗೊಬ್ಬರವೂ ಉಪ್ಪೇ. ಅಲ್ಲಿ ಕೆಳಗಿನಿಂದ ಚಿಮ್ಮಿದ್ದನ್ನು ಇಲ್ಲಿ ನಾನು ಮೇಲಿನಿಂದ ಸುರಿದಿದ್ದೆ.

ಈಗ ನನ್ನ ಪಟ್ಟಿಗೆ ಇನ್ನೊಂದು ಸಾಲು ಸೇರಿತು. "ಗೊಬ್ಬರ ಬೆರೆತ ನೀರು ಎರಡು ಹಂಗಾಮು ಚಾಸಿಯ ಹಿಂಭಾಗದ ಮೇಲೆ ಬಿದ್ದಿದೆ" ಎಂದು ಬರೆದೆ. ಬರೆಯುವಾಗ ಕೈ ತಡೆಯಿತು ಎಂಬುದು ನಿಜ. ಇದೊಂದು ಸಾಲಿನಿಂದಲೇ ಎಲ್ಲವೂ ಕೈತಪ್ಪಬಹುದಿತ್ತು.

ಮೂರನೆಯ ದಿನ ಹೆಚ್ಚುವರಿ ಕಮಾನ್ ಪಟ್ಟಿಗಳನ್ನು ತೆಗೆಸಲು ಹಾವೇರಿಗೆ ಹೋದೆವು. ಜಾಕ್ ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟು, ಯು ಬೋಲ್ಟು ಬಿಚ್ಚಿ ಪಟ್ಟಿ ಹೊರತೆಗೆದರು. ಇದನ್ನು ಮನೆಯಲ್ಲಿ ಮಾಡಬಾರದು. ಬಿಗಿದ ಕಮಾನ್ ಸಿಡಿದರೆ ಕೈಕಾಲು ಉಳಿಯುವುದಿಲ್ಲ. ಮುಂದಿನ ಗಾರ್ಡನ್ನೂ ಅಲ್ಲಿಯೇ ತೆಗೆದೆವು, ಅದನ್ನು ಮತ್ತೆ ಹಾಕಿಸಬಾರದೆಂದು ಅಲ್ಲಿಯೇ ತೀರ್ಮಾನವಾಯಿತು. ಇಂತಹ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ನಮಗೆ ಅದನ್ನು ಹಾಕಿಕೊಟ್ಟವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಕ್ಯಾಬಿನ್ ಖಾಲಿ ಮಾಡುವಾಗ ದೇವರಗುಡ್ಡದ ಮಾಲತೇಶನ ಫೋಟೊ, ಅತ್ತೆಯವರು ಕಟ್ಟಿದ್ದ ಕರಿದಾರ, ಡಬ್ಬಿಯ ಚಿಲ್ಲರೆ ಎಲ್ಲವನ್ನೂ ಮನೆಗೆ ತಂದೆವು. ಡೀಸೆಲ್ಲು ಐದು ಲೀಟರಿನಷ್ಟೇ ಉಳಿಸಿದೆವು, ಟ್ಯಾಂಕು ಹೇಗೂ ಕೆಳಗಿಳಿಯಬೇಕು. ಆಮೇಲೆ ಕಾಗದಗಳು. ನೋಂದಣಿ ಪತ್ರ, ವಿಮೆ, ಫಿಟ್‌ನೆಸ್ ಪ್ರಮಾಣಪತ್ರ, ಎಲ್ಲ ಸರ್ವಿಸಿನ ಬಿಲ್ಲುಗಳು. ಇವುಗಳ ಜೊತೆಗೆ ಬ್ಯಾಡಗಿಯ ತೂಕದ ಸೇತುವೆಯಲ್ಲಿ ಕೊಟ್ಟ ಚೀಟಿಗಳ ಕಟ್ಟು. ಒಣ ಮೆಣಸಿನಕಾಯಿ ಗಾತ್ರಕ್ಕೆ ದೊಡ್ಡದು, ತೂಕಕ್ಕೆ ಹಗುರ. ನೋಡಿದವರಿಗೆ ಗಾಡಿ ಬೆಟ್ಟದಂತೆ ಕಂಡರೂ ಚೀಟಿಯಲ್ಲಿ ತೂಕ ಮಿತಿಯೊಳಗೇ ಇತ್ತು. ಆ ಚೀಟಿಗಳನ್ನು ನಾನು ಲೆಕ್ಕದ ಸಲುವಾಗಿ ಇಟ್ಟಿದ್ದೆ, ಸಾಕ್ಷಿಯಾಗುತ್ತವೆ ಎಂದು ಎಣಿಸಿರಲಿಲ್ಲ.

ಮೇ ನಡುವೆ ಎಂಜಿನಿಯರ್ ಬಂದರು. ವಯಸ್ಸು ಮೂವತ್ತರೊಳಗೆ, ಮಾತು ಕಡಿಮೆ. ನನ್ನ ಫೈಲನ್ನು ಕಾಲು ಗಂಟೆ ಓದಿದರು. ನಂತರ ಕೆಳಗಿಳಿದು, ಬಿರುಕಿನ ಜಾಗವನ್ನು ದ್ರಾವಕದಿಂದ ಒರೆಸಿ, ಡಬ್ಬಿಯಿಂದ ಕೆಂಪು ಬಣ್ಣದ ತೆಳು ದ್ರವ ಸಿಂಪಡಿಸಿದರು. ಸ್ವಲ್ಪ ಹೊತ್ತು ಕಾದು, ಅದನ್ನು ಪೂರ್ತಿ ಒರೆಸಿ, ಮೇಲೆ ಬಿಳಿಯ ಹುಡಿಯಂಥದ್ದನ್ನು ಸಿಂಪಡಿಸಿದರು. ಬಿರುಕಿನೊಳಗೆ ಇಳಿದಿದ್ದ ಕೆಂಪು ನಿಧಾನವಾಗಿ ಬಿಳಿಯ ಮೇಲೆ ಮೂಡತೊಡಗಿತು. ಸುಣ್ಣದ ಗೋಡೆಯ ಮೇಲೆ ಕುಂಕುಮದ ಗೆರೆ ಎಳೆದಂತೆ. ನಾವು ಎರಡು ಅಂಗುಲ ಎಂದುಕೊಂಡಿದ್ದದ್ದು ಮೂರು ಅಂಗುಲಕ್ಕೂ ಹೆಚ್ಚಿತ್ತು.

ಆಮೇಲೆ ಅವರು ಮಾಡಿದ್ದೇ ನಮ್ಮನ್ನು ಉಳಿಸಿತು. ಏನೂ ಕಾಣದಿದ್ದ ಬಲಗಡೆಯ ಬೆಸುಗೆಗೂ ಅದೇ ಪರೀಕ್ಷೆ ಮಾಡಿದರು. ಅಲ್ಲಿ ಉಗುರಿನಷ್ಟು ಉದ್ದದ ಕೆಂಪು ಗೆರೆ ಎದ್ದಿತು. ಅದೇ ಅಡ್ಡಪಟ್ಟಿಯ ಇನ್ನೊಂದು ತುದಿ, ಅದೇ ಬೆಸುಗೆಯ ಅಂಚು. ಅವರು ಟಾರ್ಚ್ ಹಿಡಿದು ನನಗೂ ತೋರಿಸಿದರು. ಬೆಸುಗೆಯ ಹೊಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳಿದ್ದವು. ಎರಡು ಲೋಹಗಳು ಪೂರ್ತಿಯಾಗಿ ಕೂಡಿರಲಿಲ್ಲ. "ಹೆಚ್ಚುವರಿ ಪಟ್ಟಿ ಏಕೆ ಹಾಕಿಸಿದಿರಿ?" ಎಂದು ಕೇಳಿದರು. ಕಾರಣ ಹೇಳಿ ತೂಕದ ಚೀಟಿಗಳನ್ನು ಕೊಟ್ಟೆ. ಹಿಂಭಾಗದ ತುಕ್ಕನ್ನು ಸುತ್ತಿಗೆಯ ಮೂತಿಯಿಂದ ಕೆರೆದು, "ಇದು ಮೇಲ್ಪದರದ್ದು, ಒಳಗೆ ಹೋಗಿಲ್ಲ. ಆದರೆ ಇದು ನಿಮ್ಮಿಂದ ಆದದ್ದು, ಇನ್ನೆರಡು ವರ್ಷ ಬಿಟ್ಟಿದ್ದರೆ ಒಳಗೂ ಹೋಗುತ್ತಿತ್ತು" ಎಂದರು. ಪೆಟ್ಟಿಗೆಯ ಎರಡು ತೂತುಗಳನ್ನು ಅಳೆದು ಫೋಟೊ ತೆಗೆದುಕೊಂಡರು. ಬಿರುಕಿಗೂ ಅವಕ್ಕೂ ಐದು ಅಡಿ ಅಂತರವಿತ್ತು.

ಒಪ್ಪಿಗೆ ಬರಲು ಒಂಬತ್ತು ದಿನ ಹಿಡಿಯಿತು, ಚಾಸಿ ಬರಲು ಇನ್ನೂ ಹನ್ನೊಂದು ದಿನ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ವರ್ಷ ರೋಹಿಣಿ ಚೆನ್ನಾಗಿಯೇ ಸುರಿದು ರೈತರು ಬೇಗ ಸಸಿ ಕೇಳತೊಡಗಿದರು. ಬಾಡಿಗೆ ಗಾಡಿ ಹಿಡಿದೆವು. ರ್ಯಾಕ್ ಇಲ್ಲದ್ದರಿಂದ ಒಂದು ಸಾರಿಗೆ ಒಂದೇ ಅಂತಸ್ತು ಟ್ರೇ ಹೋಗುತ್ತಿತ್ತು. ನೆರಳು ಪರದೆಯ ಬದಲು ತಾಡಪತ್ರಿ ಕಟ್ಟಿದ ಒಂದು ದಿನ ಕಾವಿಗೆ ಎಂಟು ಟ್ರೇ ಬಾಡಿದವು. ಬಾಡಿಗೆಗೆಂದು 31,000 ರೂಪಾಯಿ ಹೋಯಿತು. ವಾರಂಟಿಯಲ್ಲಿ ಇದಾವುದೂ ಸೇರುವುದಿಲ್ಲ, ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕಾಗಿತ್ತು.

ಕಾಯುವ ಆ ದಿನಗಳನ್ನು ಸಾರಿಗೆ ಕಚೇರಿಯ ಕೆಲಸಕ್ಕೆ ಬಳಸಿದ್ದು ಒಳ್ಳೆಯದಾಯಿತು. ಚಾಸಿ ನಂಬರ್ ಎಂದರೆ ಗಾಡಿಯ ಜನ್ಮನಾಮ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ ಅದೇ 52ನೇ ಸೆಕ್ಷನ್ ಹೇಳುತ್ತದೆ. ಹೊಸ ಚಾಸಿಗೆ ಹೊಸ ನಂಬರ್ ಬರುತ್ತದೆ. ಪತ್ರದಲ್ಲಿ ಹಳೆಯದೇ ಉಳಿದರೆ ರಸ್ತೆಯಲ್ಲಿ ಹಿಡಿದ ದಿನ ಅದು ಕಳವಿನ ಗಾಡಿಯಂತೆಯೇ ಕಾಣುತ್ತದೆ. ಕೆಲಸ ಶುರುವಾಗುವ ಮೊದಲೇ ಅರ್ಜಿ, ಕಂಪನಿಯ ಪತ್ರ, ಸಾಲ ಕೊಟ್ಟ ಬ್ಯಾಂಕಿನ ಆಕ್ಷೇಪಣೆ ಇಲ್ಲವೆಂಬ ಪತ್ರ, ವಿಮಾ ಕಂಪನಿಗೆ ಕೊಟ್ಟ ತಿಳಿವಳಿಕೆಯ ಪ್ರತಿ ಎಲ್ಲವನ್ನೂ ಕೊಟ್ಟೆವು. ಬ್ಯಾಂಕಿನ ಪತ್ರಕ್ಕೇ ಒಂದು ವಾರ ಹಿಡಿಯಿತು. ಸಾರಿಗೆ ಕಚೇರಿಯ ನಿರೀಕ್ಷಕರು ರ್ಯಾಕಿನ ಫೋಟೊಗಳನ್ನೂ ನೋಡಿ, ತೊಟ್ಟಿಯ ಅಗಲ ಮೀರದಂತೆ, ಬಿಚ್ಚಿ ಹಾಕುವಂತೆಯೇ ಇರಲಿ ಎಂದರು.

ಜೂನ್ ಮೊದಲ ವಾರ ವರ್ಕ್‌ಶಾಪಿಗೆ ಹೋದಾಗ ನಮ್ಮ ಗಾಡಿ ಮೂರು ಭಾಗವಾಗಿತ್ತು. ಕ್ಯಾಬಿನ್ ಲಿಫ್ಟಿನ ಮೇಲೆ ತೂಗುತ್ತಿತ್ತು. ತೊಟ್ಟಿ ಮರದ ದಿಮ್ಮಿಗಳ ಮೇಲೆ ಗೋಡೆಗೆ ಒರಗಿತ್ತು. ನಡುವೆ ನೆಲದ ಮೇಲೆ ಹಳೆಯ ಮತ್ತು ಹೊಸ ಚಾಸಿಗಳು ಅಕ್ಕಪಕ್ಕ ಮಲಗಿದ್ದವು. ಸ್ಟೇರಿಂಗ್ ಕೋಲು, ಬ್ರೇಕಿನ ನಳಿಗೆ, ಕ್ಲಚ್ಚು, ಗೇರಿನ ತಂತಿ, ವೈರಿನ ಜಡೆ, ಒಂದೊಂದನ್ನೂ ಹಳೆಯದರಿಂದ ಬಿಡಿಸಿ ಹೊಸದಕ್ಕೆ ಅದೇ ಜಾಗದಲ್ಲಿ ಕೂರಿಸುತ್ತಿದ್ದರು. ಕೆಲಸ ಮಾಡುತ್ತಿದ್ದ ಹುಡುಗ ಕುಂದಗೋಳ ಕಡೆಯವನು. "ಅಕ್ಕಾ, ಹೊರಗಿನ ಸಾಮಾನು ಒಂದೂ ಇಲ್ಲದ್ದರಿಂದ ನಾಲ್ಕು ದಿನಕ್ಕೆ ಮುಗಿಯುತ್ತದೆ. ಹೋದ ತಿಂಗಳು ಒಂದು ಗಾಡಿಗೆ ವೈರು ಹುಡುಕುವುದಕ್ಕೇ ಎರಡು ದಿನ ಹೋಯಿತು" ಎಂದ. ಅವನನ್ನು ಕೇಳಿ, ಒಪ್ಪಿಗೆ ಪಡೆದು, ಹೊಸ ಚಾಸಿಯ ಟೊಳ್ಳು ಭಾಗಗಳಿಗೆ ತುಕ್ಕು ತಡೆಯುವ ಮೇಣ ಹೊಡೆಸಿದೆ. ತೊಟ್ಟಿ ಕೂತ ಮೇಲೆ ಆ ಜಾಗಗಳಿಗೆ ಕೈ ಹೋಗುವುದೇ ಇಲ್ಲ.

ನನ್ನ ಪಾಲಿನ ಬಿಲ್ಲು 9,860 ರೂಪಾಯಿ. ಬುಷ್, ಬೋಲ್ಟು, ಎಣ್ಣೆಗಳು, ಮೇಣ, ಚಕ್ರಗಳ ಅಲೈನ್‌ಮೆಂಟ್. ಅದರಲ್ಲಿ ಕ್ಯಾಬಿನ್ ಎತ್ತಿದ ಕೂಲಿ ಎಂದು ಒಂದು ಸಾಲು ಇತ್ತು. ಜಾಬ್ ಕಾರ್ಡಿನ ಹಾಳೆ ತೋರಿಸಿದೆ, ಸಾಲನ್ನು ತೆಗೆದರು. ಗಾಡಿ ಮುಗಿದರೂ ಹೊಸ ನಂಬರಿನ ನೋಂದಣಿ ಪತ್ರ ಕೈಗೆ ಬರುವವರೆಗೆ ಹನ್ನೆರಡು ದಿನ ಅಲ್ಲಿಯೇ ನಿಲ್ಲಿಸಿದ್ದೆವು. ಮೃಗಶಿರಾ ಪೂರ್ತಿ ಕೈತಪ್ಪಿತು.

ಮತ್ತೆ ಹಾಕಿದ್ದು ರ್ಯಾಕ್, ಪರದೆ, ಡ್ರಮ್ಮು, ಪಂಪು ಮಾತ್ರ. ನಂಬರ್ ಬರೆದ ಚೀಲಗಳಿದ್ದುದರಿಂದ ಒಂದೇ ದಿನದಲ್ಲಿ ಕೂತವು. ಹೆಚ್ಚುವರಿ ಕಮಾನ್ ಪಟ್ಟಿಗಳು ಕೊಟ್ಟಿಗೆಯಲ್ಲಿವೆ, ಗೊಬ್ಬರಕ್ಕೆ ಈಗ ಎರಡು ಸಾರಿ ಹೋಗುತ್ತೇವೆ. ಉಪಕರಣದ ಪೆಟ್ಟಿಗೆ ತೊಟ್ಟಿಯೊಳಗೆ ಬಂದಿದೆ. ಚಾಚಾ ರ್ಯಾಕಿನ ತಳಕ್ಕೆ ಸತುವು ಲೇಪಿಸಿದ ತಗಡಿನ ಅಗಲ ತಟ್ಟೆ ಮಾಡಿಕೊಟ್ಟರು. ಹಿಂದಕ್ಕೆ ಸ್ವಲ್ಪ ಇಳಿಜಾರು, ಮೂಲೆಯಲ್ಲಿ ಒಂದು ನಳಿಗೆ, ನಳಿಗೆಯ ತುದಿಗೆ ಕ್ಯಾನು.

ಆರಿದ್ರಾ ಮಳೆಯ ಮೊದಲ ವಾರ ಹಾನಗಲ್ ಕಡೆಯ ಒಂದು ಹೊಲಕ್ಕೆ ನಾಲ್ಕೂ ಅಂತಸ್ತು ತುಂಬಿ ಸಸಿ ಒಯ್ದೆವು. ದಾರಿಯಲ್ಲಿ ಎರಡು ಸಲ ನೀರು ಕೊಟ್ಟೆವು. ಸಂಜೆ ಮನೆಗೆ ಬಂದ ಮೇಲೆ ಮೈದುನ ಕ್ಯಾನು ಬಿಚ್ಚಿ ಅಳತೆಯ ಬಕೆಟ್ಟಿಗೆ ಸುರಿದ. ಹನ್ನೊಂದು ಲೀಟರ್. ಹಿಂದಿನ ಎರಡು ಹಂಗಾಮುಗಳಲ್ಲಿ ಎಷ್ಟು ಸಾರಿ ಹೋಗಿದ್ದೆವೆಂದು ನಾವಿಬ್ಬರೂ ಅಲ್ಲಿಯೇ ನಿಂತು ಲೆಕ್ಕ ಹಾಕಿದೆವು. ಆಮೇಲೆ ಅವನು ಬಕೆಟ್ಟನ್ನು ಎತ್ತಿಕೊಂಡು ಹೋಗಿ ಬಾವಿಯ ಪಕ್ಕದ ನುಗ್ಗೆ ಗಿಡದ ಬುಡಕ್ಕೆ ಸುರಿದ.